ಸಂಜೆ ಪೇಪರಿನ ವರದಿಗಾರ ಗಿಟಾರ್ ಹಿಡಿದಾಗ

ಅಂಗಡಿಯಲ್ಲಿ ಫ್ರಿಜ್ ಹೊರುವವನೊಬ್ಬ ಟಿ.ವಿ. ನೋಡಿಕೊಂಡು ಗೊಣಗಿದ ಮಾತು ಜಗತ್ತೇ ಗುನುಗುವ ಹಾಡಾಯಿತು ಅಂದರೆ ನಂಬ್ತೀರಾ? ಆಯಿತು ಸ್ವಾಮಿ. ಆ ಹಾಡು ಕಟ್ಟಿದಾತ ಒಂದು ಕಾಲಕ್ಕೆ ಸಂಜೆ ಪೇಪರಿನ ವರದಿಗಾರ!

ಹೆಸರು ಮಾರ್ಕ್ ನಾಫ್ಲರ್. ಹುಟ್ಟಿದ್ದು 1949ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಬೆಳೆದದ್ದು ಇಂಗ್ಲೆಂಡಿನ ನ್ಯೂಕ್ಯಾಸಲ್ ಕಡೆ. ಅಪ್ಪ ಹಂಗೇರಿಯಿಂದ ಜೀವ ಉಳಿಸಿಕೊಂಡು ಓಡಿಬಂದಿದ್ದ ಯಹೂದಿ. ಮಗನ ಕಾಟ ತಡೆಯಲಾರದೆ 50 ಪೌಂಡ್ ಕೊಟ್ಟು ಕೆಂಪು ಗಿಟಾರ್ ಕೊಡಿಸಿದ. ಆಂಪ್ಲಿಫೈಯರ್ ಕೇಳೋ ಧೈರ್ಯ ಹುಡುಗನಿಗೆ ಬರಲಿಲ್ಲ. ಗಿಟಾರನ್ನು ಮನೆ ರೇಡಿಯೋಗೆ ಸಿಕ್ಕಿಸಿದ, ರೇಡಿಯೋ ಸುಟ್ಟುಹೋಯಿತು.

ಮುಂದೆ ಲೀಡ್ಸ್ ಪಟ್ಟಣದ ‘ಯಾರ್ಕ್‌ಷೈರ್ ಈವ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಕಿರಿಯ ವರದಿಗಾರನ ಕೆಲಸ. 1970ರ ಸೆಪ್ಟೆಂಬರ್ 18ರಂದು ಗಿಟಾರ್ ಮಾಂತ್ರಿಕ ಜಿಮಿ ಹೆಂಡ್ರಿಕ್ಸ್ ತೀರಿಕೊಂಡಾಗ ಸುದ್ದಿ ಬರೆಯುವ ಪಾಳಿ ಬಿದ್ದದ್ದು ಇವನಿಗೇ. ಆಮೇಲೆ ಕೆಲಸ ಬಿಟ್ಟ, ಇಂಗ್ಲಿಷ್ ಡಿಗ್ರಿ ಓದಿದ, ಕಾಲೇಜಿನಲ್ಲಿ ಮೇಷ್ಟ್ರಾದ. ಪೇಪರ್ ಬಿಟ್ಟರೂ ಪೇಪರಿನವರ ಕಿವಿ ಮಾತ್ರ ಬಿಡಲಿಲ್ಲ.

ಲಂಡನ್ನಿನ ಡೆಪ್ಟ್‌ಫರ್ಡ್ ಬಡಾವಣೆಯ ಒಂದು ಪಬ್. ಜನವೇ ಇಲ್ಲ. ಮೂಲೆಯಲ್ಲಿ ಹಳೇ ಜಾಝ್ ವಾದ್ಯದವರು ಯಾರಿಗೋ ಎಂಬಂತೆ ನುಡಿಸಿ, ಕೊನೆಗೆ ತಾವು ಸಂಗೀತದ ಸುಲ್ತಾನರು ಅಂತ ಗತ್ತಿನಿಂದ ಸಾರಿ ಎದ್ದುಹೋದರು. ಹರಕು ಬಟ್ಟೆ, ಸುಲ್ತಾನರ ಹೆಸರು! ನಾಫ್ಲರ್‌ಗೆ ಅಷ್ಟು ಸಾಕಾಗಿತ್ತು. ‘ಸುಲ್ತಾನ್ಸ್ ಆಫ್ ಸ್ವಿಂಗ್’ ಹುಟ್ಟಿತು. 1977ರಲ್ಲಿ ತಮ್ಮನನ್ನೂ ಇಬ್ಬರು ಗೆಳೆಯರನ್ನೂ ಕಟ್ಟಿಕೊಂಡು ಶುರುಮಾಡಿದ ತಂಡದ ಹೆಸರು ‘ಡೈರ್ ಸ್ಟ್ರೈಟ್ಸ್’. ಕೈಯಲ್ಲಿ ಕಾಸಿಲ್ಲದ ಪರದಾಟ ಅಂತ ಅರ್ಥ, ಸುಳ್ಳೇನೂ ಅಲ್ಲ. 120 ಪೌಂಡ್ ಹೊಂದಿಸಿ ಐದು ಹಾಡು ಟೇಪ್ ಮಾಡಿಸಿದರು. ಸಲಹೆ ಕೇಳೋಣ ಅಂತ ರೇಡಿಯೋದ ಚಾರ್ಲಿ ಗಿಲೆಟ್‌ಗೆ ಕೊಟ್ಟರೆ ಆತ ರೇಡಿಯೋದಲ್ಲೇ ಹಾಕಿಬಿಟ್ಟ. ರೆಕಾರ್ಡ್ ಕಂಪನಿಗಳು ಹುಡುಕಿಕೊಂಡು ಬಂದವು.

ಇನ್ನು ಅಂಗಡಿ ಕಥೆ. ನ್ಯೂಯಾರ್ಕಿನಲ್ಲಿ ಫ್ರಿಜ್, ಟಿ.ವಿ. ಮಾರುವ ದೊಡ್ಡ ಮಳಿಗೆ. ಗೋಡೆ ತುಂಬ ಟಿ.ವಿ., ಎಲ್ಲದರಲ್ಲೂ ಎಂ.ಟಿ.ವಿ. ಚಾನೆಲ್ಲಿನ ಹಾಡು. ಕೆಲಸದ ಆಳು ಅದನ್ನು ನೋಡಿ, ಇವರಿಗೆ ಬೆವರಿಲ್ಲದೆ ದುಡ್ಡು, ನಮಗೆ ಫ್ರಿಜ್ ಹೊರೋ ಕರ್ಮ ಎಂಬ ಧಾಟಿಯಲ್ಲಿ ಉಗಿಯುತ್ತಿದ್ದ. ನಾಫ್ಲರ್ ಅಂಗಡಿಯವರ ಹತ್ತಿರವೇ ಪೆನ್ನು, ಕಾಗದ ಇಸ್ಕೊಂಡು, ಮಾರಾಟಕ್ಕಿಟ್ಟ ಅಡುಗೆಮನೆ ಸಾಮಾನಿನ ನಡುವೆ ಕೂತು ಬರೆದ. 1985ರ ‘ಮನಿ ಫಾರ್ ನಥಿಂಗ್’ ಅದೇ. ಅಮೆರಿಕದಲ್ಲಿ ಮೊದಲ ಸ್ಥಾನ. ಅದಿದ್ದ ‘ಬ್ರದರ್ಸ್ ಇನ್ ಆರ್ಮ್ಸ್’ ಆಲ್ಬಂ ಮೂರು ಕೋಟಿ ದಾಟಿ ಮಾರಾಟವಾಯಿತು.

ಇಲ್ಲೇ ತಕರಾರು. ಒಂದು ಸಾಲಿನ ಧಾಟಿ ಗಾಯಕ ಸ್ಟಿಂಗ್‌ನ ಹಳೇ ಹಾಡನ್ನು ಹೋಲುತ್ತದೆ ಎಂದು ಅವನ ಪ್ರಕಾಶಕರು ಪಟ್ಟು ಹಿಡಿದರು, ಸ್ಟಿಂಗ್ ಹೆಸರೂ ಸೇರಿತು. ಮಾತು ಕೊಟ್ಟ ಆಳಿನ ಹೆಸರು ಎಲ್ಲೂ ಇಲ್ಲ. ಬೀದಿ ಮಾತಿಗೆ ಮಾಲೀಕ ಇಲ್ಲ ಅನ್ನುತ್ತೆ ಕಾನೂನು. ಇರಬಹುದು. ಆದರೂ ವ್ಯಾಪಾರ ಬಲ್ಲವರಿಗೆ ಈ ಲೆಕ್ಕ ಸರಿಹೋಗೋದು ಕಷ್ಟ. ಅದೂ ಅಲ್ಲದೆ ಆ ಆಳಿನ ಬಾಯಿಂದ ಬಂದ ಒಂದು ಬೈಗುಳ ಸಲಿಂಗಿಗಳಿಗೆ ಅವಮಾನ ಅಂತ 2010ರಲ್ಲಿ ಕೆನಡಾದ ಪ್ರಸಾರ ಮಂಡಳಿಯವರೆಗೂ ದೂರು ಹೋಯಿತು. ಹಾಡಿನಲ್ಲಿ ಮಾತಾಡೋದು ಆ ಪಾತ್ರ, ತಾನಲ್ಲ ಅನ್ನೋದು ನಾಫ್ಲರ್ ವಾದ.

ಸಿನಿಮಾಕ್ಕೆ ಬಂದದ್ದು 1983ರ ‘ಲೋಕಲ್ ಹೀರೋ’ದಿಂದ. ನಿರ್ದೇಶಕ ಬಿಲ್ ಫೋರ್ಸಿತ್. ಅಮೆರಿಕದ ತೈಲ ಕಂಪನಿಯೊಂದು ಸ್ಕಾಟ್ಲೆಂಡಿನ ಕಡಲತೀರದ ಹಳ್ಳಿಯನ್ನೇ ಇಡಿಯಾಗಿ ಕೊಳ್ಳಲು ಆಳು ಕಳಿಸುತ್ತೆ. ಊರವರು ಮಾರಲು ತುದಿಗಾಲಲ್ಲಿ! ಒಬ್ಬ ಮುದುಕ ಮಾತ್ರ ಒಪ್ಪೋದಿಲ್ಲ, ಕೊಳ್ಳಲು ಬಂದವನೇ ಊರಿಗೆ ಮನಸೋಲುತ್ತಾನೆ. ಹಾಡು ಬರೆಯುವವನು ತನಗೆ ಬೇಕಾದಷ್ಟು ಉದ್ದ ಎಳೆಯಬಹುದು. ಸಿನಿಮಾದಲ್ಲಿ ದೃಶ್ಯ ಎಷ್ಟು ಸೆಕೆಂಡೋ ಸಂಗೀತವೂ ಅಷ್ಟೇ, ಪಾತ್ರ ಬಾಯಿಬಿಟ್ಟರೆ ಗಿಟಾರ್ ತಗ್ಗಬೇಕು. ಊರೂರು ಸ್ಟೇಡಿಯಂ ತುಂಬಿಸುವ ರಾಕ್ ತಾರೆಗೆ ಅದು ಸುಲಭವಲ್ಲ. ಈತ ತಗ್ಗಿದ. ಕೊನೆಗೆ ಬರುವ ‘ಗೋಯಿಂಗ್ ಹೋಂ’ ಧಾಟಿಗೆ ಮಾತೇ ಇಲ್ಲ, ಊರು ಬಿಟ್ಟವನ ಸಂಕಟವೆಲ್ಲ ಅದರಲ್ಲಿದೆ. ನ್ಯೂಕ್ಯಾಸಲ್ ಫುಟ್‌ಬಾಲ್ ತಂಡ ತವರಿನ ಮೈದಾನಕ್ಕಿಳಿಯುವಾಗ ಮೊಳಗುವುದೂ ಇದೇ.

ಆಮೇಲೆ ‘ಕ್ಯಾಲ್’, ‘ಪ್ರಿನ್ಸೆಸ್ ಬ್ರೈಡ್’, ‘ವ್ಯಾಗ್ ದ ಡಾಗ್’ ಅಂತ ಹಲವು ಚಿತ್ರಗಳು ಬಂದವು. ತಂಡ 1995ರಲ್ಲಿ ಮುಗಿಯಿತು, ಹಾಡು ಮುಗಿಯಲಿಲ್ಲ. 2005ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದು ನುಡಿಸಿಹೋದ.

2024ರ ಜನವರಿಯಲ್ಲಿ ತನ್ನ ನೂರಿಪ್ಪತ್ತಕ್ಕೂ ಹೆಚ್ಚು ಗಿಟಾರು, ಆಂಪ್ಲಿಫೈಯರುಗಳನ್ನು ಲಂಡನ್ನಿನಲ್ಲಿ ಹರಾಜಿಗಿಟ್ಟ. ಬಂದದ್ದು 88 ಲಕ್ಷ ಪೌಂಡಿಗೂ ಮಿಕ್ಕಿ, ಅದರಲ್ಲಿ ಕಾಲು ಪಾಲು ದಾನಕ್ಕೆ. ಅದೇ ವರ್ಷ ಅರವತ್ತಕ್ಕೂ ಹೆಚ್ಚು ಸಂಗೀತಗಾರರನ್ನು ಸೇರಿಸಿ ‘ಗೋಯಿಂಗ್ ಹೋಂ’ ಅನ್ನು ಮತ್ತೆ ನುಡಿಸಿದ. ಹಣ ಕ್ಯಾನ್ಸರ್ ಬಂದ ಹದಿಹರೆಯದ ಮಕ್ಕಳಿಗೆ. ಶುರುವಿನಲ್ಲಿ ಕೇಳುವ ಗಿಟಾರ್ ಜೆಫ್ ಬೆಕ್‌ದು. 2023ರಲ್ಲಿ ತೀರಿಕೊಂಡ ಆತನ ಕೊನೆಯ ರೆಕಾರ್ಡಿಂಗ್ ಅದು.