ಕಂಬ ಹಳೆಯದು, ಕಮಾನು ಹೊಸದು

ಸ್ಪೇನಿನ ಕಲೆಯ ಚರಿತ್ರೆಯನ್ನು ಅಲ್ಟಮಿರಾ ಗುಹೆಯಿಂದ ಆರಂಭಿಸುವುದು ವಾಡಿಕೆ. ಉತ್ತರದ ಕಾಂಟಾಬ್ರಿಯಾದಲ್ಲಿರುವ ಈ ಗುಹೆಯ ಚಾವಣಿಯ ಮೇಲೆ ಹಳೆ ಶಿಲಾಯುಗದ ಜನ ಕೆಮ್ಮಣ್ಣು, ಇದ್ದಿಲುಗಳಿಂದ ಬೈಸನ್ ಹಿಂಡನ್ನೇ ಬಿಡಿಸಿದ್ದಾರೆ. ಬಂಡೆ ಉಬ್ಬಿದ ಕಡೆಯೇ ಪ್ರಾಣಿಯ ಮೈ ಬರುವಂತೆ ನೋಡಿಕೊಂಡಿರುವುದರಿಂದ ಚಿತ್ರಗಳಿಗೆ ಶಿಲ್ಪದ ತುಂಬು ಬಂದಿದೆ. 1879ರಲ್ಲಿ ಇವನ್ನು ಮೊದಲು ಕಂಡವಳು ಸೌಟುವೊಲಾ ಎಂಬವರ ಎಂಟು ವರ್ಷದ ಮಗಳು ಮರಿಯಾ. ಇವು ಆದಿಮಾನವನವು ಎಂಬ ಸೌಟುವೊಲಾರ ವಾದವನ್ನು, ಅವನಿಗೆ ಇಷ್ಟು ಕೈಚಳಕ ಎಲ್ಲಿಂದ ಬರಬೇಕು ಎಂದು ವಿದ್ವಾಂಸರು ನಂಬಲಿಲ್ಲ. 1902ರಲ್ಲಿ ಅವರ ಪೈಕಿ ಪ್ರಮುಖರಾದ ಕಾರ್ತಯಾಕ್ ತಮ್ಮ ಮಾತನ್ನು ಹಿಂತೆಗೆದುಕೊಂಡಾಗ ಅದನ್ನು ಕೇಳಲು ಸೌಟುವೊಲಾ ಬದುಕಿರಲಿಲ್ಲ.

ಲೋಹಯುಗದ ಐಬೀರಿಯನ್ನರ ಶಿಲ್ಪಕ್ಕೆ ‘ಎಲ್ಚೆಯ ಮಹಿಳೆ’ ಒಂದೇ ಸಾಕು. 1897ರಲ್ಲಿ ಸಿಕ್ಕ, 56 ಸೆಂಟಿಮೀಟರ್ ಎತ್ತರದ ಈ ಸುಣ್ಣಕಲ್ಲಿನ ಪ್ರತಿಮೆಯ ಎರಡೂ ಕಿವಿಗಳ ಬಳಿ ಚಕ್ರದಂಥ ದೊಡ್ಡ ಆಭರಣಗಳಿವೆ. ಮುಖದಲ್ಲಿ ಗ್ರೀಕರ ಛಾಯೆ ಕಂಡರೂ ಒಡವೆ, ಉಡುಗೆ ಸ್ಥಳೀಯ.

ರೋಮನ್ನರು ತಂದದ್ದು ಕಟ್ಟುವ ವಿದ್ಯೆ. ಸೆಗೋವಿಯಾದ ಮೇಲ್ಗಾಲುವೆಯ ಗ್ರಾನೈಟ್ ಕಮಾನುಗಳು ಗಾರೆಯಿಲ್ಲದೆ ಇಂದಿಗೂ ನಿಂತಿವೆ. ಅವರ ನಂತರ ಬಂದ ವಿಸಿಗಾಥರ ಕಾಲದ್ದು ಬಾನ್ಯೋಸ್ ಊರಿನ ಸಾನ್ ಹುವಾನ್ ಚರ್ಚು. 661ರದೆಂದು ಅಲ್ಲಿನ ಶಾಸನ ಹೇಳುತ್ತದೆ. ಕುದುರೆ ಲಾಳದ ಆಕಾರದ ಕಮಾನು ಅಲ್ಲಿ ಆಗಲೇ ಇದೆ. ಅರಬ್ಬರದೆಂದು ಎಲ್ಲರೂ ತಿಳಿಯುವ ಈ ಕಮಾನು 711ರಲ್ಲಿ ಅವರು ಸ್ಪೇನಿಗೆ ಕಾಲಿಡುವ ಮೊದಲೇ ಆ ನೆಲದಲ್ಲಿತ್ತು.

ಅದನ್ನು ಮೇರುಮಟ್ಟಕ್ಕೆ ಒಯ್ದದ್ದು ಮಾತ್ರ ಕಾರ್ಡೋಬಾದ ಮಹಾ ಮಸೀದಿ. ಒಂದನೆಯ ಅಬ್ದುಲ್ ರಹಮಾನ್ 8ನೆಯ ಶತಮಾನದ ಕೊನೆಯಲ್ಲಿ ಅದನ್ನು ಆರಂಭಿಸಿದಾಗ ರೋಮನ್, ವಿಸಿಗಾಥ್ ಕಟ್ಟಡಗಳ ಕಂಬಗಳನ್ನೇ ತಂದು ನಿಲ್ಲಿಸಲಾಯಿತು. ಅವು ಗಿಡ್ಡ, ಅಷ್ಟು ವಿಶಾಲವಾದ ಸಭಾಂಗಣಕ್ಕೆ ಆ ಎತ್ತರ ಸಾಲದು. ಶಿಲ್ಪಿಗಳು ಕಂಬದ ತಲೆಯ ಮೇಲೆ ಇನ್ನೊಂದು ಕಂಬವನ್ನೆಬ್ಬಿಸಿ, ಕೆಳಗೊಂದು ಮೇಲೊಂದು ಎಂದು ಎರಡು ಸಾಲು ಕಮಾನು ಕಟ್ಟಿದರು. ಕೆಳಗಿನದು ಲಾಳದ ಕಮಾನು, ಕಂಬಗಳು ಅತ್ತಿತ್ತ ವಾಲದಂತೆ ಹಿಡಿಯುತ್ತದೆ. ಮೇಲಿನದು ಅರ್ಧವೃತ್ತ, ಚಾವಣಿ ಹೊರುತ್ತದೆ. ಕೆಂಪು ಇಟ್ಟಿಗೆ, ಬಿಳಿಗಲ್ಲುಗಳ ಪಟ್ಟೆ ಎರಡಕ್ಕೂ ಇದೆ. ಇಟ್ಟಿಗೆ, ಕಲ್ಲುಗಳನ್ನು ಹೀಗೆ ಬೆರೆಸುವ ರೀತಿ ಮೆರಿದಾದ ರೋಮನ್ ಮೇಲ್ಗಾಲುವೆಯಲ್ಲೂ ಕಾಣುತ್ತದೆ. ಕೊರತೆಯೊಂದು ಇಷ್ಟು ಚೆಲುವಾದ ಪರಿಹಾರ ಪಡೆದ ನಿದರ್ಶನ ವಾಸ್ತುಶಿಲ್ಪದಲ್ಲಿ ಅಪರೂಪ. 10ನೆಯ ಶತಮಾನದಲ್ಲಿ ಎರಡನೆಯ ಅಲ್ ಹಕಮ್ ಮಸೀದಿಯನ್ನು ವಿಸ್ತರಿಸಿ, ಬೈಜಾಂಟಿಯಂ ಶೈಲಿಯ ಚಿನ್ನದ ಮೊಸಾಯಿಕ್‌ನಿಂದ ಮಿಹ್ರಾಬನ್ನು, ಅಂದರೆ ಪ್ರಾರ್ಥನೆಯ ದಿಕ್ಕು ತೋರುವ ಗೋಡೆಗೂಡನ್ನು, ಅಲಂಕರಿಸಿದ. 1236ರಲ್ಲಿ ನಗರ ಕ್ರೈಸ್ತರ ವಶವಾದ ಮೇಲೆ ಮಸೀದಿ ಚರ್ಚಾಯಿತು.

ಉತ್ತರದ ಗುಡ್ಡನಾಡಿನಲ್ಲಿ ಉಳಿದಿದ್ದ ಕ್ರೈಸ್ತ ಅರಸರದು ಬೇರೆ ದಾರಿ. ಅಸ್ತೂರಿಯಾಸ್‌ನ ಒಂದನೆಯ ರಮಿರೊ 9ನೆಯ ಶತಮಾನದ ನಡುವೆ ನರಾಂಕೊ ಬೆಟ್ಟದಲ್ಲಿ ಕಟ್ಟಿಸಿದ ಅರಮನೆಗೆ ಕಲ್ಲಿನ ಕಮಾನು ಚಾವಣಿಯಿದೆ; ಅದು ಮುಂದೆ ಚರ್ಚಾಯಿತು. 11ನೆಯ ಶತಮಾನದಿಂದ ಸಾಂಟಿಯಾಗೊ ಯಾತ್ರಾಪಥದ ಗುಂಟ ರೋಮನೆಸ್ಕ್ ಶೈಲಿ ಹಬ್ಬಿತು. ಆ ಶೈಲಿಯ ಚಿತ್ರಕಲೆಯ ಶಿಖರ ಪಿರಿನೀಸ್ ಕಣಿವೆಯ ತವುಲ್ ಗ್ರಾಮದಲ್ಲಿ, 1123ರಲ್ಲಿ ಪ್ರತಿಷ್ಠೆಯಾದ ಸಾನ್ ಕ್ಲಿಮೆನ್ ಚರ್ಚಿನ ಕ್ರಿಸ್ತನ ಭಿತ್ತಿಚಿತ್ರ. 20ನೆಯ ಶತಮಾನದ ಆರಂಭದಲ್ಲಿ ಗೋಡೆಯಿಂದ ಬಿಡಿಸಿ ತಂದ ಆ ಕ್ರಿಸ್ತನ ಚಿತ್ರ ಈಗ ಬಾರ್ಸಿಲೋನಾದ ಕೆಟಲನ್ ಕಲೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.