ಹೊಸ ಪಿಸಿ ಕೊಳ್ಳುವ ಮೊದಲು ಬಯೋಸ್ ನೋಡಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಂಪ್ಯೂಟರ್ ಏನೂ ನಿಂತುಹೋಗಿಲ್ಲ; ಆದರೆ ಭದ್ರತಾ ಅಪ್‌ಡೇಟ್ ಮೊದಲಿನಂತೆ ಬರುವುದಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಪಿಸಿಯಲ್ಲಿ ಗೇಮ್ ಆಡುವ ಹುಡುಗರ ಮುಂದೆಯೂ ಈಗ ಇದೇ ಪ್ರಶ್ನೆ.

ವಿಂಡೋಸ್ 11 ಹಾಕಹೊರಟರೆ ಈ ಪಿಸಿಗೆ ಆಗದು ಎಂಬ ಸೂಚನೆ ಬರಬಹುದು. ಅಂಗಡಿಯಲ್ಲಿ ‘ಇದಕ್ಕ ಬರಂಗಿಲ್ರಿ, ಹೊಸಾದು ತಗೋರಿ’ ಅಂದರೂ ಅನ್ನಬಹುದು. ಅಪ್ಪನ ಹತ್ತಿರ ದುಡ್ಡು ಕೇಳುವ ಮೊದಲು ಸ್ವಲ್ಪ ತಡೆಯಿರಿ.

ಪ್ರೊಸೆಸರ್ ಇಂಟೆಲ್ 8ನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿದ್ದರೆ, ಬೇಕಾದ ಟಿಪಿಎಂ 2.0 ಸಾಮಾನ್ಯವಾಗಿ ಒಳಗೇ ಇರುತ್ತದೆ. ಬಯೋಸ್‌ನಲ್ಲಿ ಆಫ್ ಆಗಿರಬಹುದು, ಅಷ್ಟೆ. ಇಂಟೆಲ್ ಬೋರ್ಡಿನಲ್ಲಿ ಅದರ ಹೆಸರು ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ. ಆನ್ ಮಾಡಲು ಖರ್ಚಿಲ್ಲ. ಅಸಲಿ ವಿಂಡೋಸ್ 10 ಇದ್ದವರಿಗೆ ವಿಂಡೋಸ್ 11 ಕೂಡ ಉಚಿತ.

ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಬೇಕಾದರೆ ಟಿಪಿಎಂ ಜತೆ ಸೆಕ್ಯೂರ್ ಬೂಟ್ ಸಹ ಆನ್ ಇರಬೇಕು. ಇಲ್ಲಿ ಅವಸರ ಬೇಡ. ಹಳೆಯ ಲೆಗಸಿ ಮೋಡ್‌ನ ಡಿಸ್ಕನ್ನು ಮೊದಲು ಜಿಪಿಟಿಗೆ ಬದಲಿಸದಿದ್ದರೆ ವಿಂಡೋಸ್ ತೆರೆಯುವುದೇ ಇಲ್ಲ. ಮನೆಯವರ ಫೋಟೊ, ದಾಖಲೆಗಳನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ. ನಡುವೆ ಕರೆಂಟ್ ಹೋಗದಂತೆ ಯುಪಿಎಸ್ ಇರಲಿ. ಹೊಸದು ಹಿಡಿಸದಿದ್ದರೆ 10 ದಿನದೊಳಗೆ ಹಳೆಯದಕ್ಕೆ ಮರಳಬಹುದು.

ಪ್ರೊಸೆಸರ್ ನಿಜಕ್ಕೂ ಹಳೆಯದೇ? ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ವಿಂಡೋಸ್ 10ರಲ್ಲೇ ಆಡಬಹುದು. ಅಷ್ಟರಲ್ಲಿ ದುಡ್ಡು ಕೂಡಿಸಲು ಸಮಯ ಸಿಗುತ್ತದೆ.