ಚಾರಿಝಾರ್ಡ್ ಸೋತದ್ದು ನ್ಯಾಯವೇ?

ಪ್ರಶ್ನೆ: ಪೋಕೆಮಾನ್ ಕಾರ್ಟೂನಿನಲ್ಲಿ ರಿಚಿ ಎದುರಿನ ಪಂದ್ಯದಲ್ಲಿ, ಆ್ಯಶ್ ಕಣಕ್ಕಿಳಿಸಿದ ಜೀವಿ ಚಾರಿಝಾರ್ಡ್ ಇನ್ನೂ ಶಕ್ತಿಯಿದ್ದರೂ ಸೋತಿತೆಂದು ರೆಫರಿ ಸಾರಿದ್ದು ಸರಿಯೇ? (ಶಾಲಾ ವಿದ್ಯಾರ್ಥಿ, ಹಳಿಯಾಳ)

ಉತ್ತರ: ಸರಿಯೇ. ನಿಮ್ಮೂರಿನ ಕುಸ್ತಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಚಾರಿಝಾರ್ಡ್ ಕಾದಾಡಲು ಒಪ್ಪದೆ ಮಲಗಿಬಿಟ್ಟಿತು. ಮ್ಯಾಟ್ ಕುಸ್ತಿಯಲ್ಲೂ ಶಕ್ತಿಯಿದ್ದು ಪಟ್ಟು ಹಾಕದವನಿಗೆ ವಿನಾಯಿತಿಯಿಲ್ಲ: ಫ್ರೀಸ್ಟೈಲ್‌ನಲ್ಲಿ ಮೊದಲು ಎಚ್ಚರಿಕೆ, ಮತ್ತೂ ಹಿಂಜರಿದರೆ 30 ಸೆಕೆಂಡ್ ಗಡುವು, ಅಷ್ಟರಲ್ಲಿ ಯಾರೂ ಅಂಕ ಗಳಿಸದಿದ್ದರೆ ಎದುರಾಳಿಗೆ 1 ಅಂಕ.

ನನಗೆ ಕೊರತೆ ಕಾಣುವುದು ಬೇರೆಡೆ. ಕಾರ್ಟೂನಿನಲ್ಲಿ ಒಬ್ಬನೇ ರೆಫರಿ, ಅವನ ಬಾವುಟವೇ ಕೊನೆ. ಮ್ಯಾಟ್ ಮೇಲಾದರೆ ರೆಫರಿ, ಜಡ್ಜ್, ಮ್ಯಾಟ್ ಚೇರ್ಮನ್ ಮೂವರಲ್ಲಿ ಇಬ್ಬರು ಒಪ್ಪಬೇಕು. ಕೋಚ್ ವಿಡಿಯೊ ಮರುಪರಿಶೀಲನೆಯನ್ನೂ ಕೇಳಬಹುದು. ಆ್ಯಶ್‌ಗೂ ಅಂಥದೊಂದು ಅವಕಾಶ ಇರಬೇಕಿತ್ತು, ಆದರೂ ಆ ತೀರ್ಪು ಬದಲಾಗುತ್ತಿರಲಿಲ್ಲ.